ಬಂದೂಕಿನ ಹನ್ನೊಂದು ಕಚ್ಚು

ಬಂದೂಕಿನ ಹಿಡಿಕೆಯ ಮೇಲಿನ ಒಂಬತ್ತನೆಯ ಕಚ್ಚನ್ನು ಗಾಜಿನ ಚೂರಿನಿಂದ ಹೆರೆದು ಮುಗಿಸುವಷ್ಟರಲ್ಲಿ ಮಹಾಂತ ಬೆವತು ಹೋಗಿದ್ದ. ಇನ್ನೂ ಎರಡು ಉಳಿದಿದ್ದವು. ಮಿರಜದ ಬಂದೂಕು ವ್ಯಾಪಾರಿ ಧೀರಜ ಹನ್ನೆರಡಕ್ಕೆ ಬರುತ್ತೇನೆಂದಿದ್ದ. ಆಗಲೇ ಹತ್ತಾಗಿತ್ತು.

"ಸುಮನ, ವಾರ್ನಿಸ್ ಡಬ್ಬಿ ತಾ ಲಗೂನ," ಎಂದು ಪಡಸಾಲೆಯಿಂದಲೇ ಹೆಂಡತಿಯನ್ನು ಕೂಗಿದ.

ಸುಮನ ಡಬ್ಬಿ ತಂದಿಟ್ಟು ಅಲ್ಲೇ ನಿಂತಳು. "ಅತ್ತಿ ಗುಡ್ಡಾಪುರದಿಂದ ಬರೂತನಾ ತಡೀರಲ್ಲ. ಮಾರೂ ಮುಂದ ಒಮ್ಮಿ ನನ್ನ ಕೈಯಾಗ ಕೊಡು ಅಂತ ಹೇಳಿ ಹೋಗ್ಯಾರ."

"ಕೊಡೂಣ ತಗೊ, ಚೊಕ್ಕ ಮಾಡಿ ಕೊಡೂಣ. ಎತ್ತು ಸಂತಿಗಿ ಹೊಡಕೊಂಡ ಹೋಗೂ ಮುಂದ ಕೋಡ ಹೆರೀದ ಯಾರರೆ ಹೋಗ್ತಾರೇನ?"

ಎರಡು ವಾರದಿಂದ ಮಹಾಂತನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಒಬ್ಬ ಇನಾಮದಾರನ ಶಿಕಾರಿಯಲ್ಲಿ ಪ್ರಾಣಿ ಎಬ್ಬಿಸಲು ಪೊದೆ ಬಡಿಯುತ್ತಿದ್ದ ಅವನ ಅಜ್ಜನಿಗೆ ಇನಾಮಾಗಿ ಬಂದ ರೈಫಲ್ ಇದು. ಅಜ್ಜನಿಂದ ಅಪ್ಪ ಅಮೋಗಸಿದ್ದನಿಗೆ ಬಂತು. ಅಪ್ಪ ಕುರಿ ಹಿಂದೆ ಊರೂರು ತಿರುಗುವಾಗ ಅದನ್ನು ಹೆಗಲಿಗೆ ಹಾಕಿಕೊಂಡೇ ತಿರುಗಿದ. ಅವನು ತೀರಿಕೊಂಡ ಮೇಲೆ ಎರಡು ವರ್ಷ ಜತ್ತದ ಠಾಣೆಯಲ್ಲಿ ಬಿದ್ದಿತ್ತು. ಹೋದ ತಿಂಗಳು ಮಹಾಂತನ ಹೆಸರಿಗೆ ಲೈಸೆನ್ಸು ಆಯಿತು, ಮಾರಲು ಅಪ್ಪಣೆಯೂ ಸಿಕ್ಕಿತು. ಫೋಟೋ ನೋಡಿದ ಧೀರಜ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ಫೋಟೋದಲ್ಲಿದ್ದಂತೆ ಇದ್ದರೆ ಎರಡೂವರೆ ಲಾಖ.

ಊರಿನ ಅಣ್ಣಾರಾಯ ತನ್ನ ಸರ್ವಿಸ್ ಜೀಪಿಗೆ ಹೇಳಿದ ಬೆಲೆಯೂ ಎರಡೂವರೆ ಲಾಖ. ತಮ್ಮೂರು ಉಟಗಿಯಿಂದ ಜತ್ತಕ್ಕೆ ಒಂಬತ್ತು ವರ್ಷದಿಂದ ಆ ಜೀಪನ್ನು ಸಂಬಳಕ್ಕೆ ಓಡಿಸುತ್ತಿದ್ದವನು ಮಹಾಂತ. ಅದರ ಕೆಮ್ಮು ದಮ್ಮು ಎಲ್ಲ ಅವನಿಗೆ ಗೊತ್ತು. ಸೋಮವಾರದೊಳಗೆ ಹಣ ಕೊಟ್ಟರೆ ಜೀಪು ಅವನದು, ಇಲ್ಲವಾದರೆ ಸೋನ್ಯಾಳ ಊರಿನವರು ಕೊಂಡು ಒಯ್ಯುತ್ತಾರೆ. ಮುಂಗಾಜಿಗೆ ಕಟ್ಟಲೆಂದು ಕೆಂಪು ಗೊಂಡೆಯನ್ನೂ ತಂದಿಟ್ಟುಕೊಂಡಿದ್ದ ಪುಣ್ಯಾತ್ಮ.

ಆದರೆ ನಿನ್ನೆ ಧೀರಜ ಫೋನು ಮಾಡಿ, "ಹಿಡಿಕಿ ಮ್ಯಾಲ ಹನ್ನೊಂದ ಕಚ್ಚ ಕಾಣಸ್ತಾವಲ್ಲ, ಅವೇನ್ರಿ?" ಎಂದು ಕೇಳಿದ್ದ. ದನದ ಸಂತೆಯಲ್ಲಿ ದಲ್ಲಾಳಿ ಎತ್ತಿನ ಮೈಮೇಲಿನ ಕಲೆ ಮುಟ್ಟಿ ಇದೇನು ಎಂದನೆಂದರೆ ಬೆಲೆ ಮುರಿಯಲು ಹೊರಟ ಎಂದೇ ಲೆಕ್ಕ. ಉಟಗಿಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. "ಏನಿಲ್ರಿ, ನಮ್ಮಪ್ಪ ಕುರಿ ಕಾಯೂ ಮುಂದ ಹೊಡದ ತ್ವಾಳದ ಗುರತ, ತ್ವಾಳಕ್ಕೊಂದ," ಎಂದವನೇ ಆ ಕಡೆಯ ಮಾತು ಕೇಳದೆ ಫೋನಿಟ್ಟು ಗಾಜಿನ ಚೂರು ಹುಡುಕಿದ್ದ.

ಧೀರಜ ಹನ್ನೆರಡಕ್ಕೆ ಸರಿಯಾಗಿ ಬಂದ. ಅವನಿಗೂ ತಡೆಯಲಾಗದ ಆತುರ, ಕೊಟ್ಟ ನೀರನ್ನೂ ಕುಡಿಯದೆ "ಮೊದಲ ತೋರಸ್ರಿ" ಎಂದ. ಮಹಾಂತ ಕಂಬಳಿ ಸರಿಸಿದ. ಬಂದೂಕು ಕೆಂಪಗೆ ಮಿರಿಮಿರಿ ಮಿಂಚಿತು.

"ಹೆಂಗದ ನೋಡ್ರಿ, ಮದಿಮಗನಂಗ."

ಧೀರಜ ಹಿಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಕಚ್ಚ ಎಲ್ಲಿ?"

"ಒಂದೂ ಉಳಿಸಿಲ್ರಿ. ಎಲ್ಲಾ ಹೆರದ ತಗದೀನಿ."

ಧೀರಜ ಕಟ್ಟೆಯ ಮೇಲೆ ಕುಸಿದು ಕೂತ. "ಏನ ಮಾಡಿದ್ರಿ ಮಹಾಂತಣ್ಣಾ. ಹಳೀ ಸಾಮಾನ ಕೂಡಸೂ ಪುಣೇದ ಗಿರಾಕಿ ರೊಕ್ಕ ಕೊಡಾಂವ ಇದ್ದದ್ದ ಆ ಕಚ್ಚಿಗಿ, ಆ ಹಳೀ ಬಣ್ಣಕ್ಕ. ಬರೇ ಬಂದೂಕ ಅಂದ್ರ ಇಪ್ಪತ್ತ ಸಾವಿರ. ಅದೂ ನಿಮ್ಮ ಮಾರಿ ನೋಡಿ."

ಮನೆ ಮುಂದೆ ನಿಂತಿದ್ದ ಜೀಪಿನಲ್ಲಿ ಜತ್ತಕ್ಕೆ ಹೋಗುವ ಒಂದು ಗಂಟೆಯ ಸರ್ತಿಗೆ ಜನ ಆಗಲೇ ಹತ್ತಿ ಕೂತು ಹರಟುತ್ತಿದ್ದರು. ಮಹಾಂತನಿಗೆ ಆ ಕಡೆ ನೋಡುವ ಧೈರ್ಯವಾಗಲಿಲ್ಲ.

ಅದೇ ಹೊತ್ತಿಗೆ ಅವನ ತಾಯಿ ಹಣಮವ್ವ ಗುಡ್ಡಾಪುರದ ದಾನಮ್ಮನ ಪ್ರಸಾದ ಹಿಡಿದು ಎಸ್.ಟಿ. ಬಸ್ಸು ಇಳಿದು ಬಂದಳು. ಬಂದವಳೇ ಬಂದೂಕನ್ನು ಮಡಿಲಿಗೆ ಎಳೆದುಕೊಂಡು ಹಿಡಿಕೆಯ ಮೇಲೆ ಹೆಬ್ಬೆರಳು ಆಡಿಸಿದಳು. ವಾರ್ನಿಸ್ ಇನ್ನೂ ಒಣಗಿರಲಿಲ್ಲ, ಬೆರಳು ಕೆಂಪಾಯಿತು.

"ನನ್ನ ಕಚ್ಚ ಎಲ್ಲಿ ಹ್ವಾದವೋ?"

"ನಿನ್ನವ? ಅಪ್ಪ ಹೊಡದ ತ್ವಾಳದ್ದಲ್ಲೇನ ಅವು?"

ಹಣಮವ್ವ ನಕ್ಕುಬಿಟ್ಟಳು. "ನಿಮ್ಮಪ್ಪ ಎಲ್ಲೀ ತ್ವಾಳ ಹೊಡದಾನೋ. ಗಾಳ್ಯಾಗ ಒಂದ ಹಾರಸ್ತಿದ್ದ, ಸಪ್ಪಳಕ್ಕ ಅವು ಓಡತಿದ್ವು. ದೀಪಾವಳಿ ಮುಗಿಸಿ ಕುರಿ ಹೊಡಕೊಂಡ ಹೋದ್ರ ಮಳಿಗಾಲಕ್ಕ ಬರಾಂವ. ಅಲ್ಲೀತನಾ ನನ್ನ ಜೀವ ಕೈಯಾಗ. ಹೊಳ್ಳಿ ಬಂದ ದಿನ ನಾನ ಕುಡಗೋಲಲೆ ಒಂದ ಕಚ್ಚ ಹಾಕತಿದ್ದೆ. ಹನ್ನೊಂದ ಸಲ ಹೋದ, ಹನ್ನೊಂದ ಸಲ ಬಂದ, ಆಮ್ಯಾಲ ಕುರಿ ಮಾರಿದ. ಮಂದಿ ತ್ವಾಳ ಅಂದ್ರು, ಅಂವಾ ಹೂಂ ಅಂದ."

ಮಹಾಂತ ತಲೆ ತಗ್ಗಿಸಿದ.

ಧೀರಜ ಮಾತ್ರ ಎದ್ದೇ ನಿಂತ. "ಅಮ್ಮಾ, ಅದ ಕೈ, ಅದ ಕುಡಗೋಲ. ಮತ್ತ ಹನ್ನೊಂದ ಹಾಕ್ರಿ. ಎಣ್ಣಿ, ಮಸಿ ತಿಕ್ಕಿ ಹಳೇದ ಮಾಡೂದ ನನಗ ಬಿಡ್ರಿ. ತ್ವಾಳದ ಕತಿ ನಾ ಹೇಳ್ತೀನಿ. ಎರಡ ಲಾಖಕ್ಕ ಕಮ್ಮಿ ಇಲ್ಲ."

ಮಹಾಂತನ ಮುಖಕ್ಕೆ ರಕ್ತ ಮರಳಿತು. ಉಳಿದ ಅರ್ಧ ಲಾಖಕ್ಕೆ ಅಣ್ಣಾರಾಯ ಸ್ವಲ್ಪ ದಿನ ತಡೆದಾನು, ಕೈಕಾಲು ಹಿಡಿದರಾಯಿತು. ಅವನು ಒಂದೇ ನೆಗೆತಕ್ಕೆ ಸೂರಿನ ಸಂದಿಯಿಂದ ಕುಡಗೋಲು ತಂದು ಅವ್ವನ ಕೈಗೆ ಕೊಟ್ಟ. ಸುಮನಳೂ ಬಾಗಿಲಿಗೆ ಬಂದು ನಿಂತಳು.

ಹಣಮವ್ವ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಹಿಡಿಕೆಯನ್ನು ಅಂದಾಜು ಮಾಡಿ, ತುಟಿ ಕಚ್ಚಿ, ಕುಡಗೋಲಿನ ಮೊನೆಯನ್ನು ಒತ್ತಿ ಎಳೆದಳು. ಕೆಂಪು ಸಿಪ್ಪೆ ಎದ್ದು ಒಳಗಿನ ಬಿಳಿ ಕಟ್ಟಿಗೆ ಕಂಡಿತು. ಊದಿ ಧೂಳು ಹಾರಿಸಿ ಬಂದೂಕನ್ನು ಮಗನ ಕಡೆ ಚಾಚಿದಳು.

"ಇನ್ನಾ ಹತ್ತ ಅವ್ವಾ."

"ಎರಡ ವರ್ಷ ಠಾಣಾದಾಗ ಇತ್ತು, ಒಮ್ಮಿ ಹೊಳ್ಳಿ ಮನಿಗಿ ಬಂದದ," ಎಂದಳು ಹಣಮವ್ವ. "ಅದಕ್ಕ ಒಂದ."

ಧೀರಜ ಮಹಾಂತನ ಮುಖ ನೋಡಿದ. ಮಹಾಂತ ಬಂದೂಕು ಇಸಿದುಕೊಂಡು ಆ ಒಂದು ಕಚ್ಚಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಒಳಗೆ ಹೋಗಿ, ಅಪ್ಪ ನೇತುಹಾಕುತ್ತಿದ್ದ ಗೂಟಕ್ಕೇ ಅದನ್ನು ಹಾಕಿ ಬಂದು, "ಚಾ ಕುಡದ ಹೋಗ್ರಿ ಧೀರಜಣ್ಣ," ಎಂದ.

ಹೊರಗೆ ಯಾರೋ ಹಾರ್ನ್ ಒತ್ತಿದರು. ಒಂದು ಗಂಟೆ ಆಗಿತ್ತು. ಅವನು ಅಣ್ಣಾರಾಯನ ಜೀಪಿನ ಕೀಲಿ ತೆಗೆದುಕೊಂಡು ಹೊಸ್ತಿಲು ದಾಟಿದಾಗ ಹಣಮವ್ವ ದಿನಾ ಕೇಳುವಂತೆಯೇ ಕೇಳಿದಳು:

"ಹೊಳ್ಳಿ ಎಷ್ಟಕ್ಕ ಬರ್ತಿ?"

ಕುಡಗೋಲು ಅವಳ ಮಡಿಲಲ್ಲೇ ಇತ್ತು.