ಸಂದಿನ ಕೈ

"ರಾಂಗ್ ನಂಬರ್. ಇಲ್ಲಿ ಯಾವ ಸಂಧೂಜಿನೂ ಇಲ್ಲ," ಎಂದು ಮಂಜುನಾಥ್ ಸತ್ತ ಅಣ್ಣನ ಫೋನನ್ನು ಕೆಳಗಿಡುವಷ್ಟರಲ್ಲಿ ಕೃತಿ ಅದನ್ನು ಕಿತ್ತುಕೊಂಡಳು.

"ಅದು ಗಿರಾಕಿ, ಚಿಕ್ಕಪ್ಪ. ಅಪ್ಪಾನೇ ಸಂಧೂಜಿ."

ಚೆನ್ನೈನ ತಾಂಬರಂನಲ್ಲಿ ಆ ಮನೆಯ ಮುಂದೆ ಶಾಮಿಯಾನದಡಿ ಕೂತವರು ಸಾವಿನ ಮನೆ ಎಂಬುದನ್ನೂ ಮರೆತು ನಕ್ಕುಬಿಟ್ಟರು. ಬಾಗಿಲ ಹ್ಯಾಂಡಲ್ಲಿನ ಹಿಂದೆ, ಕನ್ನಡಿಯ ಬುಡದಲ್ಲಿ, ಮೆಷೀನು ನುಗ್ಗದ ಕಡೆಯೆಲ್ಲ ಮಿಂಚಿಸಿ ಕೊಡುತ್ತೇನೆಂಬ ಹಮ್ಮಿನಲ್ಲಿ ಕೃತಿಯ ಅಪ್ಪ ಕಿಟ್ಟು ತನ್ನ ಕಾರ್ ಪಾಲಿಶ್ ಅಂಗಡಿಗೆ 'ಸಂದು' ಎಂದು ಹೆಸರಿಟ್ಟಿದ್ದ. ತಮಿಳರು ಅದನ್ನು ತಮ್ಮ ಭಾಷೆಯಂತೆ ಗಲ್ಲಿ ಎಂದುಕೊಂಡರು. ಬೋರ್ಡಿನ ಇಂಗ್ಲಿಷ್ ಓದಿದವರು ಸಂಧು ಎಂಬ ಪಂಜಾಬಿಯ ಅಂಗಡಿ ಎಂದುಕೊಂಡರು. ಕಿಟ್ಟು ಯಾರನ್ನೂ ತಿದ್ದುವ ಗೋಜಿಗೆ ಹೋಗಲಿಲ್ಲ.

"ಯಾರಾದ್ರೇನಮ್ಮ," ಮಂಜುನಾಥ್ ಎಲ್ಲರಿಗೂ ಕೇಳುವಂತೆ ಹೇಳಿದ. "ಅಂಗಡಿ ಅಣ್ಣನ ಜೊತೇಲೇ ಮುಗೀತು. ಜಾಗ ಬಿಟ್ಕೊಡೋಣ."

ಕೃತಿ ಕೂತವರತ್ತ ನೋಡಿದಳು. ಅರ್ಧದಷ್ಟು ಜನ ಖಾಯಂ ಗಿರಾಕಿಗಳು. ಈ ಮಾತು ಅವರ ತಲೆಯಲ್ಲಿ ಕೂತರೆ ನಾಳೆ ಅವರ ಕಾರುಗಳು ಬೇರೆ ಅಂಗಡಿಯ ಮುಂದೆ ನಿಲ್ಲುತ್ತವೆ.

"ಅವರು ಹೇಳೋದೂ ಸರಿ ಕಣಮ್ಮ," ಎಂದರು ಬ್ಯಾಂಕಿನಿಂದ ನಿವೃತ್ತರಾದ ವಿಷ್ಣುತೀರ್ಥ. "ಹ್ಯಾಂಡಲ್ ಹಿಂದೆ ನಿಮ್ಮಪ್ಪ ಮಾಡ್ತಿದ್ದ ಕೆಲಸ ಇನ್ಯಾರಿಗೆ ಬರತ್ತೆ?"

"ಮೂರು ವರ್ಷದಿಂದ ಅದನ್ನ ಮಾಡ್ತಿರೋದು ನಾನೇ, ಮಾಮಾ."

"ಸುಮ್ನಿರು," ಎಂದ ಮಂಜುನಾಥ್. "ಯಾರು ಕೇಳಿದ್ರೂ ಅಣ್ಣ 'ನನ್ನ ಕೈ' ಅಂತಾನೇ ಹೇಳ್ತಿದ್ದ."

*

ಮೂರು ವರ್ಷದ ಹಿಂದೆ, ತನ್ನ ಬೆರಳ ಗೆಣ್ಣುಗಳು ಊದಿಕೊಂಡಾಗ, ಕಿಟ್ಟು ಮಗಳನ್ನು ಒಂದು ಕೆಂಪು ಕಾರಿನ ಪಕ್ಕ ಕೂರಿಸಿ, ಅವಳ ತೋರುಬೆರಳಿಗೆ ಮೆತ್ತನೆಯ ಬಟ್ಟೆ ಸುತ್ತಿದ.

"ಒತ್ತಬೇಡ. ಅಂಚಲ್ಲಿ ಬಣ್ಣ ತೆಳ್ಳಗಿರತ್ತೆ. ಜಾಸ್ತಿ ಉಜ್ಜಿದ್ರೆ ತಗಡೇ ಕಾಣತ್ತೆ."

ಸ್ವಲ್ಪ ಹೊತ್ತಿಗೆ ಅವಳು, ಸಾಕಾ ಎಂದು ಅಭ್ಯಾಸದ ತಮಿಳಿನಲ್ಲಿ ಕೇಳಿದಳು. "ಪೋದುಮಾ ಅಪ್ಪಾ?"

"ನನ್ನ ಯಾಕೆ ಕೇಳ್ತಿ? ಬೆರಳನ್ನ ಕೇಳು."

ಸಂಜೆ ಬಂದ ಗಿರಾಕಿ ಹ್ಯಾಂಡಲ್ ಹಿಂದೆ ಟಾರ್ಚ್ ಬಿಟ್ಟು ಇಣುಕಿ, ಯಾರ ಕೈಚಳಕ ಎಂದ. "ನನ್ನ ಕೈ," ಎಂದು ಕಿಟ್ಟು ಗದ್ದ ಎತ್ತಿ ಮಗಳ ಕಡೆ ತೋರಿಸಿದ. ಗಿರಾಕಿ ಮಾತು ಕೇಳಿಸಿಕೊಂಡ, ಗದ್ದ ತೋರಿಸಿದ ಕಡೆ ನೋಡಲಿಲ್ಲ. ಆಮೇಲೆ ಬಂದವರೂ ಅಷ್ಟೇ.

*

ಹೆಣ ಒಯ್ಯಲು ಬಂದ ವ್ಯಾನಿನವನು ಹಾರ್ನ್ ಮಾಡಿದ. ಕೈಯ ಹೆಬ್ಬೆರಳುಗಳನ್ನು ಇನ್ನೂ ಕಟ್ಟಿಲ್ಲವಲ್ಲ ಎಂದು ಪುರೋಹಿತರು ನೆನಪಿಸಿದರು. ಮಂಜುನಾಥ್ ದಾರ ಹಿಡಿದು ಅಣ್ಣನ ಪಕ್ಕ ಕೂತ.

ಎದೆಯ ಮೇಲೆ ಹೆಣೆದಿಟ್ಟ ಕೈಗಳು ಸೆಟೆದುಹೋಗಿದ್ದವು. ಹೆಬ್ಬೆರಳ ಅಡಿಗೆ ದಾರ ತೂರಲೇ ಇಲ್ಲ. ಎರಡು ಸಲ ಜಾರಿ ಹೊರಬಂತು. ವಿಷ್ಣುತೀರ್ಥರೂ ಬಗ್ಗಿ ನೋಡಿದರು. ಶುಂಠಿ ಗೆಡ್ಡೆಯಂತೆ ಗಂಟುಗಂಟಾದ ಆ ಬೆರಳುಗಳನ್ನು ಇಷ್ಟು ಹತ್ತಿರದಿಂದ ಇಬ್ಬರೂ ನೋಡಿದ್ದು ಅದೇ ಮೊದಲು.

"ಈ ಬೆರಳು ಹ್ಯಾಂಡಲ್ ಹಿಂದೆ ಹೋಗ್ತಿತ್ತಾ, ಮಂಜುನಾಥ್?" ವಿಷ್ಣುತೀರ್ಥ ಮೆಲ್ಲಗೆ ಕೇಳಿದರು.

ಮಂಜುನಾಥ್ ದಾರವನ್ನು ಕೆಳಗಿಟ್ಟ. ಕೃತಿ ಬಂದು ಮಂಡಿಯೂರಿದಳು. ದಾರದ ತುದಿಯನ್ನು ತೋರುಬೆರಳ ಉಗುರಿಗೆ ಆನಿಸಿ, ಎಲ್ಲೂ ಒತ್ತದೆ ಅಪ್ಪನ ಹೆಬ್ಬೆರಳ ಅಡಿಗೆ ಜಾರಿಸಿದಳು. ತುದಿ ಆಚೆ ಕಡೆಯಿಂದ ಹೊರಗೆ ಇಣುಕಿತು.

ಅದನ್ನು ಹಿಡಿಯಲು ಚಾಚಿದ್ದ ತನ್ನ ಕೈಯನ್ನು ಮಂಜುನಾಥ್ ಹಿಂದಕ್ಕೆ ತೆಗೆದುಕೊಂಡ. ಗಂಟು ಹಾಕುವುದನ್ನು ಅವಳಿಗೇ ಬಿಟ್ಟು ಪಕ್ಕಕ್ಕೆ ಸರಿದು ಕೂತ.