ಟ್ಯಾಂಕಿನ ಬಾಯಲ್ಲಿ ಚಪ್ಪಲಿ

ನೀರಲ್ಲವೇ, ಏನು ಮಾಡೀತು ಎನ್ನುವವರನ್ನು ಒಮ್ಮೆ ಟ್ಯಾಂಕು ತೊಳೆಯುವ ದೇವಿಪ್ರಸಾದನ ನೀರಿನ ಗನ್ನಿನೆದುರು ನಿಲ್ಲಿಸಬೇಕು. ಬೇಡ, ಪಾಪ! ಕಬ್ಬಿಣದ ತುಕ್ಕನ್ನೇ ಸಿಪ್ಪೆಯ ಹಾಗೆ ಸುಲಿಯುವ ನೀರು ಅದು. ಕಾಲಿಗೆ ಬಿದ್ದರೆ ಮೂಳೆಯನ್ನೂ ಬಿಡುವುದಿಲ್ಲ.

ಆ ದಿನ ಪುತ್ತಿಗೆಯ ಹತ್ತಿರ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ, ಸಿಪ್ಪೆಯ ಎಣ್ಣೆ ತುಂಬಿಡುವ ಟ್ಯಾಂಕನ್ನು ಅವನು ತೊಳೆಯುತ್ತಿದ್ದ. ಹೊರಗೆ, ಗನ್ನಿಗೆ ನೀರು ನೂಕುವ ಪಂಪಿನ ಹತ್ತಿರ, ಅವನ ಜೊತೆಯಾಳು ಸಿನಾನ್. ಈ ಕಸುಬಿನವರದ್ದೊಂದು ಕ್ರಮ ಉಂಟು: ಒಳಗೆ ಇಳಿಯುವವನು ಗಂಬೂಟು ಹಾಕಿಕೊಂಡು, ಚಪ್ಪಲಿಯನ್ನು ಟ್ಯಾಂಕಿನ ಬಾಯಲ್ಲಿ ಬಿಡಬೇಕು. ಚಪ್ಪಲಿ ಕಂಡರೆ ಒಳಗೆ ಆಳು ಇದ್ದಾನೆಂದು ಅರ್ಥ. ಅವನು ಕೂಗಿ ಹೇಳದೆ ಪಂಪು ಹಾಕುವಂತಿಲ್ಲ.

ಹೋದ ವರ್ಷ ಇದೇ ಟ್ಯಾಂಕಿನಲ್ಲಿ ಅವರ ಜೊತೆಗೇ ದುಡಿಯುತ್ತಿದ್ದ ಅಮಲ್ ಸತ್ತದ್ದು ಒಂದು ದರಿದ್ರ ನಾಯಿಯಿಂದ. ಅದು ಚಪ್ಪಲಿ ಕಚ್ಚಿಕೊಂಡು ಹೋಯಿತು; ಒಳಗೆ ಯಾರೂ ಇಲ್ಲವೆಂದು ಪಂಪು ಹಾಕಿದರು. ಬೆರಳು ಮರಗಟ್ಟುತ್ತದೆಂದು ಅಮಲ್ ಗನ್ನಿನ ಟ್ರಿಗರನ್ನು ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದ. ನೀರು ನುಗ್ಗಿದ್ದೇ ನೆಲದಲ್ಲಿದ್ದ ಗನ್ನು ತನ್ನಷ್ಟಕ್ಕೆ ಎದ್ದು ಹೊರಳಾಡಿ ಅವನನ್ನು ಸೀಳಿತು. ಆ ಚಪ್ಪಲಿ ಮತ್ತೆ ಸಿಗಲಿಲ್ಲ.

ಇದೆಲ್ಲ ಗೊತ್ತಿದ್ದೂ ದೇವಿಪ್ರಸಾದ ಟ್ರಿಗರು ಕಟ್ಟಿದ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಪಂಪು ನಿಂತ ಮೇಲೆ ಗನ್ನನ್ನು ಹಾಗೆಯೇ ಒಳಗೆ ಇಟ್ಟು, ಗಂಬೂಟು ಕಳಚಿ, ಚಪ್ಪಲಿ ಮೆಟ್ಟಿಕೊಂಡು ಚಹಾಕ್ಕೆ ಹೋದ. ಕುಡಿದು ಮುಗಿದಾಗ ಟಾರ್ಚು ಒಳಗೇ ಉಳಿದದ್ದು ನೆನಪಾಯಿತು. ಒಂದು ಗಳಿಗೆಯ ಕೆಲಸವೆಂದು, ಸಿನಾನ್‌ಗೂ ಹೇಳದೆ, ಚಪ್ಪಲಿ ಕಾಲಿನಲ್ಲೇ ಇಳಿದುಬಿಟ್ಟ.

ಕತ್ತಲೆಯಲ್ಲಿ ತಡಕಾಡುತ್ತಿದ್ದಾಗ ಹಿಂದಿನಿಂದ ಪಚಕ್, ಪಚಕ್ ಎಂದು ಕೆಸರಿನಲ್ಲಿ ಗಂಬೂಟು ಕಿತ್ತಿಡುವ ಸದ್ದು ಕೇಳಿಸಿತು. ತನ್ನದೇ ಹೆಜ್ಜೆ ಎಂದುಕೊಂಡ. ಮರುಕ್ಷಣ ತನ್ನ ಕಾಲಿನಲ್ಲಿ ಗಂಬೂಟು ಇಲ್ಲವೆಂದು ಹೊಳೆಯಿತು. ಟಾರ್ಚು ಸಿಕ್ಕಿದ್ದೇ ತಡ, ಬಿದ್ದೆನೋ ಕೆಟ್ಟೆನೋ ಎಂದು ಹೊರಗೆ ಬಂದ.

ಸಿನಾನ್ ಪಂಪಿನ ಸ್ವಿಚ್ಚಿನ ಗುಂಡಿಯ ಮೇಲೆ ಕೈಯಿಟ್ಟು ನಿಂತಿದ್ದ.

"ಪ್ರಸಾದಣ್ಣ, ನೀವು ಚಪ್ಪಲಿ ಇಟ್ಟದ್ದು ಒಳ್ಳೆದಾಯ್ತು. ಇಲ್ಲದಿದ್ರೆ ಪಂಪು ಬಿಸಿ ಆಗ್ಲಿ ಅಂತ ಈಗ ಹಾಕ್ತಿದ್ದೆ ಮಾರಾಯ್ರೆ."

"ನಾನು ಎಲ್ಲಿ ಇಟ್ಟಿದ್ದೇನೆ?"

ಇಬ್ಬರೂ ಅವನ ಕಾಲು ನೋಡಿದರು. ಕೆಸರಾದ ಚಪ್ಪಲಿ ಕಾಲಿನಲ್ಲೇ ಇತ್ತು. ಟ್ಯಾಂಕಿನ ಬಾಯಲ್ಲಿ ಇನ್ನೊಂದು ಜೊತೆ: ನೀಲಿ ಬಾರು, ತುಂಡಾದಲ್ಲಿ ಪಿನ್ನು, ಹಿಮ್ಮಡಿಯಲ್ಲಿ ನಾಯಿಯ ಹಲ್ಲಿನ ಗುರುತು. ಅಮಲ್‌ಗೆ ಆ ಪಿನ್ನು ಕೊಟ್ಟದ್ದು ದೇವಿಪ್ರಸಾದನೇ. ಅವನಿಗೆ ಅಳು ಬಂತು, ಹೆದರಿಕೆಯೂ ಬಂತು.

ಸಿನಾನ್, "ಈಗ ಎಂತ ಮಾಡುವ?" ಎಂದ.

"ಗುಂಡಿಯಿಂದ ಕೈ ತೆಗಿ," ಎಂದ ದೇವಿಪ್ರಸಾದ. "ಚಪ್ಪಲಿ ಉಂಟಲ್ಲ. ಅವ ಹೊರಗೆ ಬರುವವರೆಗೆ ಕಾಯುವ."