ಗಾಜಿನ ತೊಟ್ಟಿಯ ಉಪ್ಪು

ಹವಳ ಮುದುಡಿಕೊಂಡಿತ್ತು. ನನ್ನ ಗಂಡ ತಮ್ಮ ಕೈಯಾರೆ ಕಲ್ಲಿಗೆ ಅಂಟಿಸಿದ ಹವಳ ಅದು. ಅರಳಿದಾಗ ಹಸಿರು ಬೆರಳುಗಳನ್ನು ನೀರಿನಲ್ಲಿ ಆಡಿಸುತ್ತಿತ್ತು. ಅವರು ತೀರಿಕೊಂಡ ಮೇಲೆ ಮುಂದಿನ ಕೋಣೆಯ ಆ ಗಾಜಿನ ತೊಟ್ಟಿಯ ಕೆಲಸವನ್ನು ನಾನೂ ಅತ್ತೆಯೂ ಹಂಚಿಕೊಂಡಿದ್ದೆವು. ಗಾಳಿಗೆ ಆರಿ ಇಳಿದಷ್ಟು ನೀರನ್ನು ಬೆಳಿಗ್ಗೆ ತುಂಬುವುದು ಅತ್ತೆಯ ಪಾಲು. ವಾರಕ್ಕೊಮ್ಮೆ ಒಂದು ಬಕೆಟ್ ಹಳೆ ನೀರು ತೆಗೆದು ಹೊಸ ಉಪ್ಪುನೀರು ಹಾಕುವುದು ನನ್ನದು.

ನಾನು ರಸಾಯನಶಾಸ್ತ್ರ ಓದಿದವಳು. ಹಿಂದಿನ ದಿನವೇ ಹೊಸ ನೀರಿಗೆ ಸಮುದ್ರದ ಉಪ್ಪು ಕದಡಿ, ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ, ಒಂದು ಹನಿಯನ್ನು ಉಪ್ಪು ಅಳೆಯುವ ಮಾಪಕದ ಗಾಜಿಗೆ ಬಿಟ್ಟು ಬೆಳಕಿಗೆ ಹಿಡಿದು ನೋಡದೆ ಸುರಿಯುತ್ತಿರಲಿಲ್ಲ. ಆದರೂ ತೊಟ್ಟಿಯ ಉಪ್ಪು ವಾರದಿಂದ ವಾರಕ್ಕೆ ಏರುತ್ತಿತ್ತು. ಮಾಪಕ ಕೆಟ್ಟಿದೆ ಎಂದುಕೊಂಡೆ. ಹೊಸದು ತಂದೆ. ಅದೂ ಅದನ್ನೇ ಹೇಳಿತು.

ಸಾಕುಮೀನಿನ ಅಂಗಡಿಯವರಿಗೆ ಫೋನ್ ಮಾಡಿ, ಹವಳವನ್ನೂ ಮೀನನ್ನೂ ಒಯ್ದುಬಿಡಿ, ನಿಮ್ಮಲ್ಲಾದರೂ ಬದುಕಲಿ ಎಂದೆ. ಆ ದಿನ ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿತ್ತು. ಇರುವುದು ಒಂದೇ ಮೀನು, ಕಿತ್ತಳೆ ಬಣ್ಣದ್ದು. ಯಾರು ಹತ್ತಿರ ಹೋದರೂ ಗಾಜಿನವರೆಗೆ ಬಂದು ಗದರಿಸುವಂತೆ ಬಾಯಾಡಿಸುತ್ತದೆ ಎಂದು ಅತ್ತೆ ಅದಕ್ಕೆ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ.

ಅಂಗಡಿಯವರು ಥರ್ಮೊಕೋಲ್ ಪೆಟ್ಟಿಗೆ ಹಿಡಿದು ಬಂದರು. ಕೆಲಸಕ್ಕೆ ಕೈಹಾಕುವ ಮೊದಲು ನೀರಿಗೆ ಬೆರಳದ್ದಿ ನಾಲಿಗೆಗೆ ತಾಗಿಸಿಕೊಂಡರು.

“ಅಮ್ಮಾ, ಮೀನು ಸಾಕ್ತಿದ್ದೀರೋ, ಉಪ್ಪಿನಕಾಯಿ ಹಾಕ್ತಿದ್ದೀರೋ?”

ನಾನು ನನ್ನ ಅಳತೆಗಳನ್ನೆಲ್ಲ ಒಪ್ಪಿಸಿದೆ. ಅವರು ತಲೆದೂಗಿ, ದಿನಾ ತುಂಬುವ ನೀರು ಯಾವುದು ಎಂದು ಕೇಳಿದರು. ಅತ್ತೆ ಬಟ್ಟೆ ತೆಗೆದುಕೊಂಡು ಗಾಜು ಒರೆಸತೊಡಗಿದರು. ಗಾಜು ಆಗಲೇ ಸ್ವಚ್ಛವಾಗಿತ್ತು.

“ಸೋಸಿದ ನೀರೇ. ಬರೀ ನೀರು ಸುರಿದ್ರೆ ಸಪ್ಪೆ ಆಗಲ್ವಾ ಅಂತ ದಿನಾ ಒಂದು ಚಮಚ ಉಪ್ಪು ಹಾಕ್ತಿದ್ದೆ,” ಎಂದರು. “ಅಡುಗೆಮನೆ ಉಪ್ಪಲ್ಲ ಮತ್ತೆ. ನನ್ನ ಮಗನ ಡಬ್ಬಿದೇ. ಅಷ್ಟೂ ತಿಳಿಯಲ್ವಾ ನನಗೆ?”

ಆರಿಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ ಎಂದು ಹೇಳಲು ಹೊರಟೆ. ಅತ್ತೆ ಕೈಯೆತ್ತಿ ತಡೆದರು. ಒಲೆಯ ಮೇಲೆ ಬತ್ತಿದ್ದಕ್ಕೆ ಮತ್ತೆ ಉಪ್ಪು ಹಾಕಬಾರದು, ನೀರು ಹಾಕಬೇಕು ಎಂದು ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಕಲಿಸಿದ್ದೇ ಅವರು. ಅದು ಅವರಿಗೂ ಆಗಲೇ ನೆನಪಾಗಿತ್ತು. ಮೊದಲು ನಕ್ಕವರು ಅತ್ತೆಯೋ ಅಂಗಡಿಯವರೋ ಗೊತ್ತಿಲ್ಲ. ನನ್ನ ಬಾಯಿಂದಲೂ ಏನೋ ಸದ್ದು ಬಂತು.

ಕಾರಣ ಸಿಕ್ಕಿತಲ್ಲ, ಒಯ್ಯಲೋ ಬಿಡಲೋ ಎಂದು ಅಂಗಡಿಯವರು ಕೇಳಿದರು. ಅತ್ತೆ ನನ್ನತ್ತ ನೋಡಲಿಲ್ಲ. ಮೇಷ್ಟ್ರನ್ನು ನೋಡುತ್ತಿದ್ದರು.

“ಇರಲಿ,” ಎಂದೆ.

ಹಾಗಾದರೆ ಅವಸರ ಬೇಡ ಎಂದರು ಅಂಗಡಿಯವರು. ಏರಿದ ಉಪ್ಪನ್ನು ಒಂದೇ ಸಲ ಇಳಿಸಿದರೆ, ಉಪ್ಪು ಕೊಲ್ಲದ್ದನ್ನು ಸಿಹಿನೀರು ಕೊಲ್ಲುತ್ತದೆ. ದಿನಕ್ಕಿಷ್ಟು ಚೂರು ಇಳಿಸಬೇಕು, ಹವಳಕ್ಕೆ ಗೊತ್ತೇ ಆಗಬಾರದು. ಅವರು ಹೊರಡುವ ಮೊದಲು ಅತ್ತೆ ಅವರ ಕೈಯಿಂದಲೇ ಉಪ್ಪಿನ ಡಬ್ಬಿಯನ್ನು ಕಪಾಟಿನ ನೆತ್ತಿಯ ಮೇಲೆ ಇಡಿಸಿದರು. ತನ್ನ ಕೈಗೆ ಸಿಗಬಾರದಂತೆ. ಅಲ್ಲಿಗೆ ನನ್ನ ಕೈಯೂ ಎಟಕುವುದಿಲ್ಲ. ಈ ಮನೆಯಲ್ಲಿ ಎಟಕುತ್ತಿದ್ದವರು ಒಬ್ಬರೇ.

ದಿನವೂ ನಾನು ಸ್ವಲ್ಪ ಉಪ್ಪುನೀರು ತೆಗೆದೆ, ಅತ್ತೆ ಅಷ್ಟೇ ಸಿಹಿನೀರನ್ನು ಹನಿಹನಿಯಾಗಿ ಬಿಟ್ಟರು. ಚಮಚ ಕಂಡರೆ ಮೇಷ್ಟ್ರು ಹೆದರುತ್ತಾರೆ ಎಂದು ನಾನು ಚುಡಾಯಿಸಿದೆ. ಎರಡೆರಡು ಮಾಪಕ ತಂದವಳು ಒಂದು ಸಲ ನನ್ನನ್ನು ಕೇಳಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಅತ್ತೆ ತಿರುಗೇಟು ಕೊಟ್ಟರು. ಮಾಪಕದ ಗೆರೆ ಇಳಿಯಬೇಕಾದಲ್ಲಿಗೆ ಇಳಿಯಿತು. ಹವಳ ಮಾತ್ರ ಮುದುಡಿಯೇ ಇತ್ತು.

ನೀರು ಬದಲಿಸುವ ಸರದಿ ಬಂತು. ಹಿಂದಿನ ದಿನ ಉಪ್ಪು ಕದಡಲು ಡಬ್ಬಿ ಬೇಕಾಯಿತು. ಅತ್ತೆ ಸ್ಟೂಲು ಹಿಡಿದರು, ನಾನು ಹತ್ತಿದೆ. ಕಪಾಟು ತೊಟ್ಟಿಯ ಪಕ್ಕದಲ್ಲೇ ಇದೆ. ಡಬ್ಬಿ ಎತ್ತಿಕೊಂಡು ಕೆಳಗೆ ನೋಡಿದರೆ, ಕಲ್ಲಿನ ಹಿಂಬದಿಯಲ್ಲಿ, ಮುಂದಿನಿಂದ ಕಾಣದ ಕಡೆ, ಹಸಿರು ಬೆರಳುಗಳು ಹೊರಬಂದು ಆಡುತ್ತಿದ್ದವು.

“ಯಾಕೇ ಹಾಗೆ ನಿಂತೆ? ಸ್ಟೂಲು ಅಲ್ಲಾಡ್ತಿದೆ.”

“ಅರಳಿದೆ ಅತ್ತೆ.”

“ಇಳಿ ಇಳಿ. ನಾನು ಹತ್ಬೇಕು.”

ನಿಮ್ಮ ಮಂಡಿನೋವು, ಎಂದೆ. ಮಂಡಿಯ ಮಾತು ಆಮೇಲೆ, ಎಂದರು. ನಾನು ಇಳಿದು ಸ್ಟೂಲು ಹಿಡಿದೆ.